ಏಳನೇ ತರಗತಿಯ ಬಾಗಿಲು

ಗುರುವಾರ ಬರಬೇಕಾಗಿದ್ದ ಇನ್‌ಸ್ಪೆಕ್ಟರು ಮಂಗಳವಾರವೇ ಬಂದಿಳಿದರು. ತಪ್ಪು ಅವರದಲ್ಲ, ವಿಮಾನದ್ದು. ಎಪಿ ದ್ವೀಪದ ಹುಲ್ಲಿನ ಮೇಲೆ ಇಳಿಯುವ ಆ ಪುಟ್ಟ ವಿಮಾನಕ್ಕೆ ವಾರದ ದಿನಗಳ ಬಗ್ಗೆ ಅಂಥ ಗೌರವವೇನೂ ಇಲ್ಲ. ಮನಸ್ಸಾದಾಗ ಬರುತ್ತದೆ, ಮನಸ್ಸಾದಾಗ ಹೋಗುತ್ತದೆ. ಸುದ್ದಿ ಮಬುಲೆ ಊರಿಗೆ ಮುಟ್ಟಿದಾಗ ಲೇಮಾಸ್ ತೋಟದಲ್ಲಿ ಗೆಣಸು ಅಗೆಯುತ್ತಿದ್ದಳು. ಮೊಮ್ಮಗಳು ರೋಲೀನ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ನಿಂತಳು.

"ಅಜ್ಜೀ, ಇನ್‌ಸ್ಪೆಕ್ಟರು ಬಂದ್ಬಿಟ್ರು. ಟ್ರಕ್ಕು ಆಗ್ಲೇ ಹೊಳೆ ದಾಟ್ತಂತೆ."

"ಬರ್ಲಿ ಬಿಡು, ಒಳ್ಳೇದೇ ಆಯ್ತು. ಅದಕ್ಯಾಕೆ ಅಳುಮುಖ ಮಾಡ್ಕೊಂಡಿದೀಯ?"

"ಬಾಗಿಲಲ್ಲಿ ಎಲೆ ಇದೆಯಲ್ಲ ಅಜ್ಜಿ."

ಲೇಮಾಸಳ ಕೈಯಲ್ಲಿದ್ದ ಕೋಲು ಅಲ್ಲೇ ನಿಂತಿತು. ಹೌದಲ್ಲ, ಎಲೆ ಇದೆ. ಅವಳು ಗೆಣಸಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಇಳಿಜಾರಿನಲ್ಲಿ ಹೆಜ್ಜೆ ಹಾಕಿದಳು. ಐವತ್ತೆರಡು ವರ್ಷದ ಮಂಡಿಗಳು ಅಷ್ಟು ಬೇಗ ಇಳಿದು ಬಹಳ ದಿನವಾಗಿತ್ತು.

ಆ ಎಲೆಯ ಕಥೆ ಹೀಗೆ. ಮಬುಲೆಯ ಶಾಲೆ ಆರನೇ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಹಡಗು ಹತ್ತಿ ಬೇರೆ ದ್ವೀಪಕ್ಕೆ ಹೋಗಿ ಹಾಸ್ಟೆಲಿನಲ್ಲಿರಬೇಕು. ಒಂದು ಮನೆಯಿಂದ ಒಬ್ಬರನ್ನು ಕಳಿಸುವುದೇ ಕಷ್ಟ, ಆ ಒಬ್ಬರು ಯಾವಾಗಲೂ ಗಂಡುಮಗುವೇ ಆಗಿರುತ್ತದೆ. ಹೆಣ್ಣುಮಕ್ಕಳು ಹನ್ನೆರಡಕ್ಕೇ ತೋಟಕ್ಕೆ. ಲೇಮಾಸಳ ಕಾಲದಲ್ಲಿ ಇನ್ನೂ ಕಷ್ಟವಿತ್ತು. ಆಯ್ಕೆಯಾದವರ ಹೆಸರನ್ನು ರೇಡಿಯೋದಲ್ಲಿ ಓದುತ್ತಿದ್ದರು. ಇಡೀ ಊರು ಒಂದೇ ರೇಡಿಯೋ ಸುತ್ತ ಕೂತು ಕೇಳಿತು, ಅವಳ ಹೆಸರು ಬರಲಿಲ್ಲ. ತರಗತಿಗೆ ಮೊದಲನೆಯವಳಾಗಿದ್ದಳು, ಆದರೆ ಇಡೀ ಎಪಿಗೆ ಇದ್ದದ್ದೇ ಬೆರಳೆಣಿಕೆಯ ಜಾಗ. ಆ ಮೇಲೆ ಅವಳು ಅತ್ತಳು, ಮದುವೆಯಾದಳು, ಮಕ್ಕಳನ್ನು ಹೆತ್ತಳು, ಮೊಮ್ಮಕ್ಕಳನ್ನು ಎತ್ತಿದಳು. ಆದರೂ ಯಾರಾದರೂ ಏಳನೇ ತರಗತಿ ಅಂದರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತದೆ.

ಹಾಗಾಗಿ ಊರಿನಲ್ಲೇ ಏಳನೇ ತರಗತಿ ತೆರೆಯಬಹುದು, ಕೋಣೆ ಮಾತ್ರ ನೀವೇ ಕಟ್ಟಿಕೊಳ್ಳಿ ಎಂದು ಇಲಾಖೆಯಿಂದ ಕಾಗದ ಬಂದಾಗ ಮೊದಲು ಎದ್ದವಳೇ ಅವಳು. ಗಂಡಸರು ಕಂಬ ನೆಟ್ಟು ಸೋಗೆ ಹೊದಿಸಿದರು, ಬಾಗಿಲಿನ ಚೌಕಟ್ಟು ನಿಲ್ಲಿಸಿದರು. ಲೇಮಾಸ್ ಮತ್ತು ಹನ್ನೊಂದು ಜನ ಹೆಂಗಸರು ನಾಲ್ಕು ತಿಂಗಳು ಬಿದಿರು ಸೀಳಿ, ಚಚ್ಚಿ, ಹೆಣೆದು ಗೋಡೆಯ ತಟ್ಟಿಗಳನ್ನು ಮಾಡಿ ಕಟ್ಟಿದರು. ಬೆಂಚುಗಳು ಬಂದವು, ಕರಿಹಲಗೆ ಬಂತು. ಅಷ್ಟಾದದ್ದೇ ತಡ, ಮೇಲಿನ ಕೇರಿಯ ಹೈಕಳು ಸಂಜೆ ಗಿಟಾರು ಹಿಡಿದು ಅಲ್ಲೇ ಠಿಕಾಣಿ ಹೂಡಿದವು. ಕೋಳಿಯೊಂದು ಮೂರನೇ ಬೆಂಚಿನ ಮೇಲೆ ಮೊಟ್ಟೆಯಿಟ್ಟಿತು. ಊರ ಯಜಮಾನ ಮಾಕಿಗೆ ರೇಗಿತು. ನಮೆಲೆ ಮರದ ಗರಿಯೊಂದನ್ನು ಕಡಿದು ತಂದು ಬಾಗಿಲಿಗೆ ಅಡ್ಡ ಕಟ್ಟಿ, "ಇನ್‌ಸ್ಪೆಕ್ಟರು ಬರೋ ತನಕ ಒಂದು ನರಪಿಳ್ಳೆ ಒಳಗೆ ಕಾಲಿಡಕೂಡದು" ಎಂದ. ಎಲ್ಲರೂ ಭೇಷ್ ಎಂದರು. ಲೇಮಾಸಳೂ ಎಂದಳು.

ನಮೆಲೆ ಗರಿ ಕಟ್ಟಿದ ಜಾಗಕ್ಕೆ ಯಾರೂ ಕಾಲಿಡುವುದಿಲ್ಲ. ಬೀಗವನ್ನಾದರೂ ಒಡೆದಾರು, ಎಲೆಯನ್ನು ಮುಟ್ಟುವವರಿಲ್ಲ. ಕಟ್ಟಿದವನೇ ಬರಬೇಕು, ಹಂದಿ ಕೊಟ್ಟು ತನ್ನ ಕೈಯಾರೆ ಬಿಚ್ಚಬೇಕು. ಬುಧವಾರ ವಾಪಸು ಬರುತ್ತೇನೆಂದು ಹೇಳಿ ಮಾಕಿ ಅಕ್ಕನ ಮಗನ ಮದುವೆಗೆ ಪಕ್ಕದ ದ್ವೀಪಕ್ಕೆ ದೋಣಿಯಲ್ಲಿ ಹೋಗಿದ್ದ. ಗುರುವಾರದ ಇನ್‌ಸ್ಪೆಕ್ಟರಿಗೆ ಬುಧವಾರದ ಯಜಮಾನ ಸಾಕಾಗಿತ್ತು. ಮಂಗಳವಾರದವರಿಗೆ ಏನು ಮಾಡುವುದು?

ಲೇಮಾಸ್ ಶಾಲೆಯ ಅಂಗಳಕ್ಕೆ ಬರುವಷ್ಟರಲ್ಲಿ ಊರಿಗೆ ಊರೇ ಸೇರಿತ್ತು. ಇನ್‌ಸ್ಪೆಕ್ಟರ್ ಗರಾಯ್ ಟ್ರಕ್ಕಿನಿಂದ ಇಳಿದು, ಕೈಯಲ್ಲಿ ಫಾರಂ ಹಿಡಿದು, ಹೊಸ ಕೋಣೆಯ ಕಡೆ ಬಿರಬಿರನೆ ನಡೆದವರು ಬಾಗಿಲಿಗೆ ಐದು ಹೆಜ್ಜೆ ಇದ್ದಂತೆಯೇ ಗಕ್ಕನೆ ನಿಂತರು. ಅವರು ಅಂಬಾಯೆ ದ್ವೀಪದವರು. ಅಲ್ಲಿಯೂ ನಮೆಲೆ ಎಂದರೆ ನಮೆಲೆಯೇ.

"ಇದನ್ನ ಯಾರು ಕಟ್ಟಿದ್ದು?"

"ನಮ್ಮ ಯಜಮಾನ್ರು ಸಾರ್," ಎಂದರು ಕಲ್ಸೌ ಮೇಷ್ಟ್ರು. ಐದನೆಯ ತರಗತಿಗೂ ಆರನೆಯ ತರಗತಿಗೂ ಒಬ್ಬರೇ ಮೇಷ್ಟ್ರು ಅವರು. ಏಳು ಬಂದರೆ ಅದಕ್ಕೂ ಅವರೇ. "ನಿಮಗೋಸ್ಕರಾನೇ ಕಟ್ಟಿದ್ದು. ಕೋಣೆ ಚೊಕ್ಕಟವಾಗಿರ್ಲಿ ಅಂತ."

"ಚೊಕ್ಕಟವಾಗೇ ಇದೆ ಬಿಡಿ. ಈಗ ಬಿಚ್ಚಿಸಿ."

"ಅವ್ರು ಊರಲ್ಲಿಲ್ಲ ಸಾರ್."

ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡರು. "ನೋಡಿ ಮೇಷ್ಟ್ರೇ, ಮೂರು ಗಂಟೆಗೆ ನನ್ನ ವಿಮಾನ. ಈ ವರ್ಷದ ಪಟ್ಟಿ ಶುಕ್ರವಾರ ಮುಚ್ತಾರೆ. ಕೋಣೆ ನೋಡದೆ ನಾನು ರುಜು ಹಾಕೋ ಹಾಗಿಲ್ಲ. ಇವತ್ತು ತಪ್ಪಿದ್ರೆ ಮುಂದಿನ ವರ್ಷವೇ."

ಮುಂದಿನ ವರ್ಷ ಅಂದರೆ ಆರನೇ ತರಗತಿಯ ಹನ್ನೊಂದು ಮಕ್ಕಳು ಒಂದು ವರ್ಷ ತೋಟದಲ್ಲಿ. ಒಂದು ವರ್ಷ ತೋಟಕ್ಕೆ ಹೋದ ಮಗು ಮತ್ತೆ ಬೆಂಚಿಗೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ರೋಲೀನ್ ಅಜ್ಜಿಯ ಲಂಗ ಹಿಡಿದುಕೊಂಡಳು. ಹಾಗೆ ಹಿಡಿದುಕೊಳ್ಳುವ ವಯಸ್ಸು ಅವಳಿಗೆ ಮೀರಿತ್ತು, ಆದರೂ ಹಿಡಿದಳು.

"ಫೋನ್ ಮಾಡೋಣ," ಎಂದರು ಯಾರೋ. ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ದೀವಿಹಲಸಿನ ಮರದ ಕೆಳಗೆ ಮಾತ್ರ. ಮೇಷ್ಟ್ರು ಮುಂದೆ, ಇನ್‌ಸ್ಪೆಕ್ಟರು ಹಿಂದೆ, ಅವರ ಹಿಂದೆ ಅರ್ಧ ಊರು ಗುಡ್ಡ ಹತ್ತಿತು. ಮಾಕಿಯ ದನಿ ಫೋನಿನಿಂದ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು. ಅವನಿಗೆ ಫೋನಿನ ಮೇಲೆ ನಂಬಿಕೆಯಿಲ್ಲ, ದ್ವೀಪದಿಂದ ದ್ವೀಪಕ್ಕೆ ಕೂಗಿದರೇ ಕೇಳುವುದು ಎಂದು ತಿಳಿದಿದ್ದಾನೆ.

"ಸಮುದ್ರ ಎದ್ದಿದೆ ಕಣಯ್ಯಾ. ನಾಳೆವರೆಗೂ ದೋಣಿ ಬಿಡಲ್ಲ ಅಂತಿದಾರೆ."

"ಅಲ್ಲಿಂದಲೇ ಬಿಚ್ಚಿ ಅಂತ ಅಪ್ಪಣೆ ಕೊಡಿ ಯಜಮಾನ್ರೇ, ನಾವು ಬಿಚ್ತೀವಿ," ಎಂದರು ಮೇಷ್ಟ್ರು.

"ಏನಂದೆ? ಫೋನಲ್ಲಿ ಎಲೆ ಬಿಚ್ಚೋದಾ? ನಮ್ಮಪ್ಪ ಯಾವತ್ತಾದ್ರೂ ಫೋನಲ್ಲಿ ಎಲೆ ಬಿಚ್ಚಿದ್ನೇನಯ್ಯಾ?"

"ಅವರಪ್ಪನ ಕಾಲದಲ್ಲಿ ಫೋನೆಲ್ಲಿತ್ತು," ಎಂದಳು ಲೇಮಾಸಳ ಗೆಳತಿ ವಲಿಯಾ. ಅವಳ ಬಾಯಿಗೆ ಬೀಗ ಹಾಕುವ ಎಲೆ ಇನ್ನೂ ಹುಟ್ಟಿಲ್ಲ.

"ಯಾರದು, ವಲಿಯಾನಾ? ಅವಳಿಗೆ ಹೇಳು, ಎಲೆ ಮುಟ್ಟಿದೋರು ಐದು ಹಂದಿ ದಂಡ ಕೊಡ್ಬೇಕು ಅಂತ. ಮೇಷ್ಟ್ರೇ, ನನಗೂ ಹೊಟ್ಟೆ ಉರೀತಿದೆ. ಆದ್ರೆ ಒಂದು ಸಲ ಹಿಂಗೆ ಬಿಚ್ಚಿದ್ರೆ ನಾಳೆ ಯಾವ ಹೈದ ಎಲೆಗೆ ಹೆದರ್ತಾನೆ?" ಎಂದ ಮಾಕಿ. ಅಲ್ಲಿಗೆ ಸಿಗ್ನಲ್ ಕೈಕೊಟ್ಟಿತು.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಎಲ್ಲರೂ ಸಪ್ಪೆ ಮೋರೆ ಹಾಕಿಕೊಂಡು ಗುಡ್ಡ ಇಳಿದರು. ಇನ್‌ಸ್ಪೆಕ್ಟರಿಗೆ ಎಳನೀರು ಕೊಟ್ಟರು, ಗೆಣಸು ತುರಿದು ಕಾದ ಕಲ್ಲಿನಡಿ ಹೂತು ಬೇಯಿಸಿದ ಲಪ್‌ಲಪ್ಪಿನ ತುಂಡನ್ನು ಬಾಳೆಲೆಯಲ್ಲಿಟ್ಟು ಕೊಟ್ಟರು. ಅವರು ತೆಂಗಿನ ಹಾಲು ಸೋರುತ್ತಿದ್ದ ಬೆರಳು ನೆಕ್ಕಿಕೊಂಡು, "ತುಂಬ ಚೆನ್ನಾಗಿದೆ. ಆದ್ರೆ ಇದನ್ನ ಫಾರಂನಲ್ಲಿ ಬರೆಯೋಕೆ ಜಾಗ ಇಲ್ಲ," ಎಂದರು. ಕೆಟ್ಟ ಮನುಷ್ಯರೇನಲ್ಲ.

ಲೇಮಾಸ್ ಕೋಣೆಯ ಎದುರು ಹುಲ್ಲಿನ ಮೇಲೆ ಕೂತು ತಾನು ಹೆಣೆದ ಗೋಡೆಯನ್ನೇ ನೋಡುತ್ತಿದ್ದಳು. ಅವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ನಾಲ್ಕು ತಿಂಗಳು ಬಿದಿರಿನ ಸಿಬಿರು ಚುಚ್ಚಿಸಿಕೊಂಡು ಕಟ್ಟಿದ ಗೋಡೆ, ಈಗ ಅದೇ ಅಡ್ಡ ನಿಂತಿದೆ. ಇಣುಕೋಣವೆಂದರೆ ಕಿಟಕಿಗಳಿಗೂ ಒಳಗಿನಿಂದ ಅಗುಳಿ. ಗೋಡೆ ಇಲ್ಲದಿದ್ದರೆ ಆ ಮನುಷ್ಯ ನಿಂತಲ್ಲಿಂದಲೇ ಎಲ್ಲ ನೋಡಬಹುದಿತ್ತು. ಹಾಗಂದುಕೊಂಡವಳೇ ಎದ್ದು ನಿಂತಳು.

"ವಲಿಯಾ, ನಾವು ಗೋಡೆ ಕಟ್ಟಿದ ಊಟ ಉಂಡ್ವಾ?"

"ಎಲ್ಲಿ ಉಂಡ್ವಿ? ಆ ಜಿಪುಣ ಮಾಕಿ ಎಲೆದೂ ಊಟದ್ದೂ ಒಂದೇ ಹಂದೀಲಿ ಮುಗಿಸ್ತೀನಿ, ಇನ್‌ಸ್ಪೆಕ್ಟರು ಬಂದ್ಹೋದ ಮೇಲೆ ಹಾಕಿಸ್ತೀನಿ ಅಂದ. ಗಂಡಸರು ಮಾತ್ರ ಸೋಗೆ ಹೊದಿಸಿದ ದಿನಾನೇ ಮುಕ್ಕಿದ್ರು."

"ಹಂಗಾದ್ರೆ ಗೋಡೆ ಯಾರದು?"

ಮಬುಲೆಯಲ್ಲಿ ಹೆಣೆದವರಿಗೆ ಊಟ ಹಾಕುವವರೆಗೂ ಹೆಣೆದದ್ದು ಹೆಣೆದವರದೇ. ಚಾಪೆಯಾದರೂ ಅಷ್ಟೆ, ಗೋಡೆಯಾದರೂ ಅಷ್ಟೆ. ಅದಕ್ಕೆ ಯಾವ ಎಲೆಯೂ ಅಡ್ಡ ಬರುವುದಿಲ್ಲ.

"ಗೋಡೆ ನಮ್ದು," ಎಂದಳು ಲೇಮಾಸ್. "ನಮ್ಮ ಗೋಡೇನ ನಾವು ಬಿಚ್ಕೊಂಡು ಹೋಗ್ತೀವಿ."

ಮೇಷ್ಟ್ರು ಓಡಿಬಂದು ಗೋಡೆಗೆ ಅಡ್ಡ ನಿಂತರು. "ಲೇಮಾಸಕ್ಕಾ, ಎಲೆ ಕಟ್ಟಿದ ಮನೇನ ಮುಟ್ಟೋ ಹಾಗಿಲ್ಲ. ಯಜಮಾನ್ರು ನನ್ನ ಚರ್ಮ ಸುಲೀತಾರೆ."

"ಮನೆ ಮುಟ್ಟೋರು ಯಾರು ಮೇಷ್ಟ್ರೇ? ಮನೆ ಅಂದ್ರೆ ಕಂಬ, ಸೂರು, ಬಾಗಿಲು. ಅದನ್ನ ಕಟ್ಟಿದೋರು ಉಂಡಾಯ್ತು, ಅದು ಊರಿಂದು. ಎಲೆ ಬಾಗಿಲಲ್ಲೇ ಇರ್ಲಿ, ಅದಕ್ಕೆ ಉಸಿರೂ ತಾಗಿಸಲ್ಲ. ಒಳಗೆ ಒಂದು ಹೆಜ್ಜೇನೂ ಇಡಲ್ಲ. ಕಟ್ಟು ಎಲ್ಲಾ ಹೊರಗಡೆನೇ ಹಾಕಿದೀವಿ." ಅವಳು ಇನ್‌ಸ್ಪೆಕ್ಟರ ಕಡೆ ತಿರುಗಿದಳು. "ಏನಪ್ಪಾ, ನಿಮ್ಮ ಕಡೆ ಹೆಂಗೆ? ಚಾಪೆ ಹೆಣೆದೋಳಿಗೆ ಉಣ್ಣೋಕಿಕ್ಕದೆ ಚಾಪೆ ಎತ್ಕೊಂಡು ಹೋಗ್ತೀರಾ?"

ಗರಾಯ್ ಸ್ವಲ್ಪ ಹೊತ್ತು ಎಲೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಫಾರಂ ನೋಡಿದರು. "ಹಂಗೇನಾದ್ರೂ ಮಾಡಿದ್ರೆ ನಮ್ಮಮ್ಮ ನನ್ನ ಮನೆಗೇ ಸೇರಿಸ್ತಿರಲಿಲ್ಲ," ಎಂದರು. "ನಾನು ಇಲ್ಲೇ ಮರದ ಕೆಳಗೆ ಕೂತಿರ್ತೀನಿ. ನಿಮ್ಮ ಗೋಡೆ, ನಿಮ್ಮಿಷ್ಟ."

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಹನ್ನೆರಡು ಜನ ಹೆಂಗಸರು ಕತ್ತಿ ಹಿಡಿದು ಸುತ್ತ ನಿಂತರು. ಕಟ್ಟಿದ್ದ ಬಳ್ಳಿಗಳು ಚಟ್ ಚಟ್ ಎಂದು ಬಿಟ್ಟವು. ತಟ್ಟಿಗಳು ಒಂದೊಂದಾಗಿ ಹುಲ್ಲಿನ ಮೇಲೆ ಮಲಗಿದವು. ಕಟ್ಟುವುದಕ್ಕೆ ನಾಲ್ಕು ತಿಂಗಳು ಹಿಡಿದದ್ದು ಬಿಚ್ಚುವುದಕ್ಕೆ ಒಂದು ಗಂಟೆ ಹಿಡಿಯಲಿಲ್ಲ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಒಂದೊಂದು ತಟ್ಟಿಗೆ ನಾಲ್ಕು ನಾಲ್ಕು ಜನ ಜೋತುಬಿದ್ದು, ಕೂಗಾಡುತ್ತ ಎಳೆದುಕೊಂಡು ಹೋದರು. ಕೊನೆಯಲ್ಲಿ ಉಳಿದದ್ದು ಸೂರು, ಕಂಬಗಳು, ಒಳಗೆ ಎಂಟು ಬೆಂಚು, ಒಂದು ಕರಿಹಲಗೆ, ಮುಂದೆ ಒಂಟಿಯಾಗಿ ನಿಂತ ಬಾಗಿಲು. ಎಲೆ ಹಾಗೆಯೇ ಅದಕ್ಕೆ ಅಡ್ಡ ಇತ್ತು. ವಲಿಯಾ ಆ ಬಾಗಿಲನ್ನು ನೋಡಿ ನಗಲು ಶುರುಮಾಡಿದಳು. ಹುಲ್ಲಿನ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಿ ಉಳಿದವರೂ ನಕ್ಕರು.

ಇನ್‌ಸ್ಪೆಕ್ಟರು ಪೆನ್ನು ತೆಗೆದು ಕೋಣೆಯ ಸುತ್ತ ಪ್ರದಕ್ಷಿಣೆ ಹಾಕಿದರು. ಆ ಫಾರಂ ಪಟ್ಟಣದ ಶಾಲೆಗೂ ಅದೇ, ಮಬುಲೆಗೂ ಅದೇ. ಅದನ್ನು ಬರೆದವರು ಈ ಕಡೆಯ ಹೊಳೆ ದಾಟಿದವರಲ್ಲ.

"ಬೆಂಚು ಎಂಟು. ಹಲಗೆ ಒಂದು. ವಿದ್ಯುತ್?"

"ಇಲ್ಲ ಸಾರ್."

"ಪ್ರಯೋಗಾಲಯ?"

"ಇಲ್ಲ ಸಾರ್."

"ಗ್ರಂಥಾಲಯ?"

"ಒಂದು ಪೆಟ್ಟಿಗೆ ಇದೆ ಸಾರ್. ಅರ್ಧ ಗೆದ್ದಲು ಓದಿದೆ."

"ಕಿಟಕಿ?"

ಮೇಷ್ಟ್ರು ತಬ್ಬಿಬ್ಬಾದರು. ಕಿಟಕಿಗಳೆಲ್ಲ ಹುಲ್ಲಿನ ಮೇಲಿದ್ದವು. ರೋಲೀನ್ ಜೊತೆಯವರನ್ನು ಕರೆದು ಕಿಟಕಿಯ ತಟ್ಟಿಗಳನ್ನು ಎತ್ತಿ ನಿಲ್ಲಿಸಿ ಅಗುಳಿ ತೆಗೆದಳು. ನಾಲ್ಕು ಕಿಟಕಿಗಳಿಂದ ನಾಲ್ಕು ತಲೆಗಳು ಹೊರಗೆ ಬಂದು ಹಲ್ಲು ಕಿರಿದವು. ಗರಾಯ್ ನಗು ತಡೆಯಲಾರದೆ ಹೇಳಿದರು: "ಕಿಟಕಿ ನಾಲ್ಕು. ಗಾಳಿ, ಬೆಳಕು... ಇಷ್ಟು ಗಾಳಿ ಬೆಳಕಿರೋ ಕೋಣೆ ನನ್ನ ಸರ್ವೀಸಿನಲ್ಲೇ ನೋಡಿಲ್ಲ ಮೇಷ್ಟ್ರೇ. ಧಾರಾಳ ಅಂತ ಬರೀತೀನಿ."

ಇನ್ನು ಪಾಠ. ಹಲಗೆ ಒಳಗಿತ್ತು, ಒಳಗೆ ಹೋಗುವಂತಿಲ್ಲ. ಮೇಷ್ಟ್ರು ಅಂಗಳದಾಚೆಯ ಸಮುದ್ರದ ದಡದಲ್ಲಿ ಮಗುಚಿ ಹಾಕಿದ್ದ ದೋಣಿಯ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಮಕ್ಕಳು ಮರಳಿನ ಮೇಲೆ ಕೂತರು. ಸುಮ್ಮನೆ ಹೇಳಬಾರದು, ಆ ಮೇಷ್ಟ್ರು ಹೆದರುಪುಕ್ಕಲರೇ ಆದರೂ ಸೀಮೆಸುಣ್ಣ ಕೈಗೆ ಬಂದರೆ ಬೇರೆಯೇ ಮನುಷ್ಯ. ಎದುರಿಗೆ ಬಿದ್ದಿದ್ದ ಗೋಡೆಯನ್ನೇ ಪಾಠ ಮಾಡಿಕೊಂಡರು. ಕೋಣೆಯ ಉದ್ದ ಎಂಟು ಮೀಟರ್, ಅಗಲ ಆರು, ಗೋಡೆಯ ಎತ್ತರ ಎರಡೂವರೆ. ಸುತ್ತಲೂ ಗೋಡೆ ಹೆಣೆಯಲು ಎಷ್ಟು ಚದರ ಮೀಟರ್ ತಟ್ಟಿ ಬೇಕು?

ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಹಾಕಿದರು. ರೋಲೀನ್ ಮೊದಲು ಎದ್ದಳು. "ಎಪ್ಪತ್ತು. ಆದ್ರೆ ಸಾರ್, ಬಾಗಿಲು ಕಿಟಕಿ ಸೇರಿಸಿಯಾ, ಬಿಟ್ಟಾ?"

ಇನ್‌ಸ್ಪೆಕ್ಟರು ಅವಳನ್ನು ನೋಡಲಿಲ್ಲ. ಅವರು ಮಕ್ಕಳ ಹಿಂದೆ ನಿಂತಿದ್ದ ಲೇಮಾಸಳ ತುಟಿಗಳನ್ನು ನೋಡುತ್ತಿದ್ದರು. ರೋಲೀನ್ ಏಳುವ ಮೊದಲೇ ಅವು ಅಲ್ಲಾಡಿ ನಿಂತಿದ್ದವು.

"ನೀವು ಹೇಳಿ ಅಮ್ಮಾ. ಬಿಟ್ರೆ ಎಷ್ಟು?"

"ನನ್ಯಾಕೆ ಕೇಳ್ತೀರಪ್ಪ." ಲೇಮಾಸಳ ಮುಖ ಕೆಂಪಾಯಿತು. "ಬಾಗಿಲು ಒಂದಕ್ಕೆ ಎರಡು, ಕಿಟಕಿ ನಾಲ್ಕಕ್ಕೆ ನಾಲ್ಕು. ಅರವತ್ತನಾಲ್ಕು. ನನ್ನ ಬೆರಳಿಗೂ ಗೊತ್ತು ಅದು, ಅಷ್ಟು ಸಿಬಿರು ಚುಚ್ಚಿದೆ."

"ಎಷ್ಟರವರೆಗೆ ಓದಿದೀರಿ?"

"ಆರು." ಆಮೇಲೆ ತಾನೇ ಸೇರಿಸಿದಳು: "ಆರಕ್ಕೆ ನಿಲ್ಸಿದ್ರು. ನಾನೇ ನಿಲ್ಸಿದ್ದಲ್ಲ."

"ನನ್ನ ಮಗಳು ವಿಲಾ ಪಟ್ಟಣದಲ್ಲಿ ಏಳನೇ ಕ್ಲಾಸು," ಎಂದರು ಗರಾಯ್. "ಗಾಜಿನ ಕಿಟಕಿ, ವಿಷಯಕ್ಕೊಬ್ಬ ಟೀಚರು, ಮನೆ ಬಾಗಿಲಿಗೆ ಬಸ್ಸು. ಬೆಳಿಗ್ಗೆ ಎಬ್ಬಿಸೋದೇ ದೊಡ್ಡ ಜಗಳ. ಇಲ್ಲಿ ನೀವು ಶಾಲೆಗೋಸ್ಕರ ಶಾಲೇನೇ ಬಿಚ್ಚಿದೀರಿ."

"ಹಂಗಾದ್ರೆ ಆ ಬಸ್ಸನ್ನ ವಾರಕ್ಕೆರಡು ದಿನ ಈ ಕಡೆ ಕಳ್ಸಿ. ನಿಮ್ಮ ಮಗಳು ಅಷ್ಟು ನಿದ್ದೆ ಮಾಡ್ಲಿ," ಎಂದಳು ವಲಿಯಾ.

ಅವರು ನಕ್ಕರು, ಆದರೆ ತಲೆ ತಗ್ಗಿಸಿ ನಕ್ಕರು. ಟ್ರಕ್ಕಿನ ಬಾನೆಟ್ಟಿನ ಮೇಲೆ ಫಾರಂ ಇಟ್ಟು ರುಜು ಹಾಕಿದರು. ಚೀಲದಿಂದ ಮುದ್ರೆ ತೆಗೆದು, ಬಾಯಿಂದ ಎರಡು ಸಲ ಊದಿ ಬಲವಾಗಿ ಒತ್ತಿದರು. ಫೆಬ್ರವರಿಯಿಂದ ಮಬುಲೆಯಲ್ಲಿ ಏಳನೇ ತರಗತಿ. ಮೇಷ್ಟ್ರು ಆ ಕಾಗದದ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ರೋಲೀನ್ ಸಮುದ್ರದ ದಡದ ಉದ್ದಕ್ಕೂ ಓಡಿದಳು, ಅವಳ ಹಿಂದೆ ಹತ್ತು ಜನ ಓಡಿದರು. ಯಾಕೆ ಓಡುತ್ತಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ. ಲೇಮಾಸಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಗುಡ್ಡದ ಮೇಲೆ ಬಿಟ್ಟುಬಂದ ಗೆಣಸಿನ ಬುಟ್ಟಿ ನೆನಪಾದದ್ದೇ ಕತ್ತಲಾಗುವ ಹೊತ್ತಿಗೆ. ಅಷ್ಟರಲ್ಲಿ ಹಂದಿಗಳಿಗೆ ಅದು ಸಿಕ್ಕಿತ್ತು. ತಿನ್ನಲಿ ಬಿಡು ಎಂದಳು.

ಮರುದಿನ ಮಧ್ಯಾಹ್ನ ಮಾಕಿಯ ದೋಣಿ ಬಂತು. ದೂರದಿಂದಲೇ ಗೋಡೆಯಿಲ್ಲದ ಸೂರನ್ನು ಕಂಡು, ಚಂಡಮಾರುತ ಹೊಡೆದಿದೆ ಎಂದು ತಿಳಿದು, ಸೊಂಟದುದ್ದ ನೀರಿಗೆ ಹಾರಿ ಓಡಿ ಬಂದ. ಬಂದು ನೋಡಿದರೆ ಊರೆಲ್ಲ ನೆಟ್ಟಗಿದೆ, ಬಟ್ಟೆಗಳು ಹಗ್ಗದ ಮೇಲೆ ಒಣಗುತ್ತಿವೆ, ಗಂಡಸರು ಗೆಲುವಾಗಿದ್ದಾರೆ. ಅವನಿಗೆ ವಿಷಯ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರಂತೂ ದೋಣಿಯ ಹಿಂದೆ ಅವಿತಿದ್ದರು.

"ಯಾರು ಎಲೆ ಮುಟ್ಟಿದ್ದು?" ಎಂದ ಮಾಕಿ.

"ಯಾರೂ ಇಲ್ಲ. ಹೋಗಿ ನೋಡು," ಎಂದಳು ಲೇಮಾಸ್.

ಅವನು ಬಾಗಿಲಿನ ಹತ್ತಿರ ಹೋಗಿ ಗಂಟನ್ನು ಪರೀಕ್ಷಿಸಿದ. ತಾನೇ ಹಾಕಿದ ಗಂಟು. ನೆಲ ನೋಡಿದ, ಒಳಗೆ ಒಂದು ಹೆಜ್ಜೆ ಗುರುತಿಲ್ಲ. ಕಂಬ ಎಣಿಸಿದ. ಮೂರು ಸುತ್ತು ಬಂದ. ಲೇಮಾಸ್ ಹಿಂದಿನ ದಿನದ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಕೊನೆಗೆ, "ನೀನು ನಮಗೆ ಊಟ ಹಾಕ್ಸಿದ್ರೆ ನಾವು ಗೋಡೆ ಬಿಚ್ಚೋ ಹಾಗೇ ಇರ್ಲಿಲ್ಲ. ನಿನ್ನ ಜಿಪುಣತನದಿಂದ ಏಳನೇ ಕ್ಲಾಸು ಬಂತು," ಎಂದಳು. ಮಾಕಿಯ ಮೀಸೆ ಅದುರಿತು. ಸಿಟ್ಟು ಬಂತೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸಿಟ್ಟಲ್ಲ. ಅವನು ಹುಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ಹಂದಿ ಬಂತು, ಒಂದಲ್ಲ, ಎರಡು. ಒಂದು ಎಲೆಗೆ, ಇನ್ನೊಂದು ಹೆಂಗಸರಿಗೆ. ಕಲ್ಲು ಕಾಯಿಸಿದರು, ಲಪ್‌ಲಪ್ ಹೂತರು. ಮಾಕಿ ಗಂಭೀರವಾಗಿ ಬಾಗಿಲ ಮುಂದೆ ನಿಂತು, ತನ್ನಪ್ಪ ಹೇಳುತ್ತಿದ್ದ ಮಾತುಗಳನ್ನು ಹೇಳಿ, ತನ್ನ ಕೈಯಾರೆ ಗಂಟು ಬಿಚ್ಚಿದ. "ಇನ್ನು ಒಳಗೆ ಹೋಗಬಹುದು," ಎಂದ.

ಯಾರೂ ಕದಲಲಿಲ್ಲ. ನಾಲ್ಕು ಕಡೆಯೂ ಬಯಲು, ಎಲ್ಲಿಂದ ಬೇಕಾದರೂ ನುಗ್ಗಬಹುದಿತ್ತು. ಆದರೂ ಎಲ್ಲರೂ ಬಾಗಿಲ ಮುಂದೆಯೇ ಸಾಲಾಗಿ ನಿಂತರು, ಮಕ್ಕಳೂ ನಿಂತರು. ಮೊದಲು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ವಲಿಯಾ ಹಿಂದಿನಿಂದ ಲೇಮಾಸಳ ಬೆನ್ನಿಗೆ ಕೈಯಿಟ್ಟು ತಳ್ಳಿದಳು.

ಲೇಮಾಸ್ ಹೊಸ್ತಿಲಲ್ಲಿ ನಿಂತು ಕಾಲನ್ನು ಹುಲ್ಲಿಗೆ ಒರೆಸಿಕೊಂಡಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋಗಿ, ಮೊದಲನೇ ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಎದುರಿಗೆ ಕರಿಹಲಗೆ ಇತ್ತು. ಅವಳು ಏಳುವ ಲಕ್ಷಣ ಕಾಣದಿದ್ದಾಗ ಕಲ್ಸೌ ಮೇಷ್ಟ್ರು ಮೆಲ್ಲನೆ ಹತ್ತಿರ ಬಂದರು.

"ಲೇಮಾಸಕ್ಕಾ, ಏಳನೇ ಕ್ಲಾಸು ಶುರುವಾಗೋದು ಫೆಬ್ರವರಿಗೆ."

"ಗೊತ್ತು ಮೇಷ್ಟ್ರೇ," ಎಂದಳು ಲೇಮಾಸ್, ಹಲಗೆಯಿಂದ ಕಣ್ಣು ತೆಗೆಯದೆ. "ನಾನು ಸ್ವಲ್ಪ ಬೇಗ ಬಂದೆ, ಅಷ್ಟೆ."